ನಾನು ಇಳಿಸದ ಅರ್ಧ ಸ್ವರ

ನಾಶಿಕದ ನಮ್ಮ ಹೋಟೆಲಿನಲ್ಲಿದ್ದ ರೆಕಾರ್ಡ್ ಪ್ಲೇಯರು ಎಲ್ಲ ಗಾಯಕರನ್ನೂ ಅರ್ಧ ಸ್ವರ ಮೇಲಕ್ಕೆ ಏರಿಸಿ ಹಾಡಿಸುತ್ತಿತ್ತು. ಅದನ್ನು ಕಂಡುಹಿಡಿದವನು ನಾನು. ನಾಲ್ಕು ಜನರ ಎದುರು ನನಗೆ ಸಿಕ್ಕ ಮೊದಲ ಹೊಗಳಿಕೆ ಅದರಿಂದ ಬಂತು. ನಾನು ಮಾಡಿದ ದೊಡ್ಡ ತಪ್ಪೂ ಒಂದು ಅರ್ಧ ಸ್ವರದ್ದೇ. ಅದನ್ನು ಇಷ್ಟು ವರ್ಷಗಳಲ್ಲಿ ಸರಿಯಾಗಿ ಯಾರಿಗೂ ಹೇಳಲು ಆಗಿಲ್ಲ. ಹೇಳಿದ ಒಂದು ಸಲ ಅದು ಹೇಳಿದಂತೆ ಆಗಲಿಲ್ಲ.

ನಾನು ಕರಾವಳಿಯವನು. ಮೆಟ್ರಿಕ್ ಮುಗಿದ ಮೇಲೆ ಓದಿಸುವವರು ಇಲ್ಲದೆ ಸೋದರಮಾವನ ಹಿಂದೆ ನಾಶಿಕಕ್ಕೆ ಬಂದು ಹೋಟೆಲಿನ ಗಲ್ಲೆಯ ಮೇಲೆ, ಹಣ ಎಣಿಸುವ ಕೆಲಸಕ್ಕೆ, ಕುಳಿತೆ. ಯಜಮಾನರು ಗಿರಾಕಿಗಳಿಗೆ ಬೇಸರವಾಗದಿರಲಿ ಎಂದು ಒಂದು ರೆಕಾರ್ಡ್ ಪ್ಲೇಯರು ತಂದು ನನ್ನ ಕೈಯಳತೆಯಲ್ಲಿ ಇಟ್ಟಿದ್ದರು. ಗಲ್ಲೆಗೆ ಹತ್ತಿರದ ಮೇಜಿನಲ್ಲಿ ದಿನಾ ಸಂಜೆ ಹಾಡಿನ ಹುಚ್ಚಿನ ನಾಲ್ಕೈದು ಜನ ಸೇರುತ್ತಿದ್ದರು. ಅವರಲ್ಲಿ ತಪ್ಪದೆ ಬರುತ್ತಿದ್ದವರು ಇಬ್ಬರು. ಒಬ್ಬರು ಶಾಲೆಯ ಡ್ರಾಯಿಂಗ್ ಮಾಸ್ತರರು. ಇನ್ನೊಬ್ಬರು ದಿಂಡೋರಿಯ ಅಂಚೆ ಕಚೇರಿಯ ಗುಮಾಸ್ತರು. ಕೆಲಸ ಮುಗಿಸಿ ಬಸ್ಸು ಹಿಡಿದು ನೇರ ಇಲ್ಲಿಗೇ ಬರುತ್ತಿದ್ದರು, ಮನೆಗೆ ಆಮೇಲೆ. ಇಬ್ಬರೂ ಮಾತಾಡುತ್ತಿದ್ದುದು ಮರಾಠಿ. ನನ್ನ ನೆನಪಿನಲ್ಲಿ ಅವರ ಜಗಳಗಳು ಕನ್ನಡವಾಗಿಯೇ ಉಳಿದಿವೆ.

ಜಗಳ ಮುಖ್ಯವಾಗಿ ಒಂದೇ. ಆಗ ದೊಡ್ಡ ರೆಕಾರ್ಡುಗಳು ಹೊಸದಾಗಿ ಬರುತ್ತಿದ್ದವು, ಒಂದು ಬದಿಗೆ ಇಪ್ಪತ್ತು ನಿಮಿಷದವು. ಗುಮಾಸ್ತರಿಗೆ ಅದೇ ದೇವರು. ಮಾಸ್ತರರಿಗೆ ಎದುರಿಗೆ ಕೂತು ಕೇಳುವ ಕಛೇರಿ ಬಿಟ್ಟರೆ ಬೇರೇನೂ ಸಂಗೀತವಲ್ಲ.

"ರೆಕಾರ್ಡಿನೊಳಗೆ ಗಾಯಕ ಕೈದಿ," ಎನ್ನುತ್ತಿದ್ದರು ಮಾಸ್ತರರು. "ಇಪ್ಪತ್ತು ನಿಮಿಷ ಆಯ್ತಾ, ಬಿಡುಗಡೆ. ಅಷ್ಟರಲ್ಲಿ ಅವನಿಗೆ ರಾಗದ ಮನೆಯ ಚಪ್ಪಲಿ ಬಿಡಲಿಕ್ಕೂ ಆಗೋದಿಲ್ಲ."

"ಕಛೇರಿಯಲ್ಲಿ ನೀವು ಕೇಳಿದ್ದೇನು ಸ್ವಾಮಿ? ಪಕ್ಕದವನ ಕೆಮ್ಮು. ನನ್ನ ರೆಕಾರ್ಡು ಕೆಮ್ಮೋದಿಲ್ಲ."

"ಅದಕ್ಕೇ ಅದಕ್ಕೆ ಜೀವ ಇಲ್ಲ."

ಇಬ್ಬರೂ ಒಪ್ಪುತ್ತಿದ್ದುದು ಒಂದು ರೆಕಾರ್ಡನ್ನು ಮಾತ್ರ. ಪುಣೆಯ ಒಬ್ಬ ದೊಡ್ಡ ಗಾಯಕರದು. ಅಲ್ಲಿಯವರು ಅಂಥವರನ್ನು ಬುವಾ ಎನ್ನುತ್ತಾರೆ. ನಾನೂ ಬುವಾ ಎಂದೇ ಬರೆಯುತ್ತೇನೆ. ಆ ರೆಕಾರ್ಡನ್ನು ನಾನು ದಿನಕ್ಕೆ ಎರಡು ಸಲವಾದರೂ ಹಾಕುತ್ತಿದ್ದೆ. ಹಾಕುವಾಗೆಲ್ಲ ಏನೋ ಒಂದು ಚುಚ್ಚುತ್ತಿತ್ತು. ಹಿಂದಿನ ವರ್ಷ ಬುವಾರ ಕಛೇರಿಯನ್ನು ನಾನು ಎದುರಿಗೆ ಕುಳಿತು ಕೇಳಿದ್ದೆ. ಆ ಧ್ವನಿ ಇಷ್ಟು ಎತ್ತರದಲ್ಲಿ ಇರಲಿಲ್ಲ. ಒಂದು ಸಂಜೆ ಧೈರ್ಯ ಮಾಡಿ ಅಂದೇಬಿಟ್ಟೆ: "ಇದು ಬುವಾ ಹಾಡೋ ಜಾಗ ಅಲ್ಲ. ಮೆಷಿನ್ ಜೋರು ಓಡ್ತಾ ಉಂಟು."

ಎಲ್ಲರೂ ನಕ್ಕರು. ಮರುದಿನ ಮಾಸ್ತರರು ಶಾಲೆಯ ಹಾರ್ಮೋನಿಯಂ ಹೊತ್ತು ತಂದರು. ಹಾರ್ಮೋನಿಯಂನ ಕರಿ ಬಿಳಿ ಮನೆಗಳಲ್ಲಿ ಯಾವುದನ್ನು ಗಾಯಕ ತನ್ನ ಷಡ್ಜವಾಗಿ ಇಟ್ಟುಕೊಳ್ಳುತ್ತಾನೋ ಅದರ ಹೆಸರಿನಿಂದ ಅವನ ಶ್ರುತಿಯನ್ನು ಹೇಳುವುದು ಅಲ್ಲಿನ ರೂಢಿ: ಕರಿ ಒಂದು, ಬಿಳಿ ಎರಡು, ಹೀಗೆ. ಬುವಾರ ಶ್ರುತಿ ಬಿಳಿ ಎರಡು ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಪ್ಲೇಯರಿನಲ್ಲಿ ಅವರು ಅದರ ಮೇಲಿನ ಕರಿ ಮನೆಯಲ್ಲಿ ಹಾಡುತ್ತಿದ್ದರು. ತಟ್ಟೆ ತೆಗೆದು ನೋಡಿದರೆ, ಬೆಲ್ಟು ಜಾರದಿರಲಿ ಎಂದು ಮೋಟಾರಿನ ಗಾಲಿಗೆ ಯಾರೋ ಒಂದು ಸುತ್ತು ಪಟ್ಟಿ ಅಂಟಿಸಿದ್ದರು; ಗಾಲಿ ದಪ್ಪವಾಗಿ ತಟ್ಟೆ ಬೇಗ ತಿರುಗುತ್ತಿತ್ತು. ಅದನ್ನು ಕಿತ್ತ ಮೇಲೆ ಬುವಾ ಕೆಳಗಿಳಿದು ತಮ್ಮ ಮನೆಗೆ ಬಂದರು.

ಅಂದಿನಿಂದ ಆ ಮೇಜಿಗೆ ನನ್ನ ಕಿವಿಯೇ ಕೋರ್ಟು. ಹೋಟೆಲಿನ ಕನ್ನಡದವರೆಲ್ಲ ಅಲ್ಲಿ ಅಣ್ಣಾ; ಗಲ್ಲೆಯ ಮೇಲೆ ಕೂತ ಹುಡುಗನ ಕಡೆ ತಿರುಗಿ ಮಾಸ್ತರರು ಕೇಳುವರು: "ಅಣ್ಣಾ, ನಿನ್ನ ಕಿವಿ ಏನನ್ನುತ್ತೆ?" ನಾನು ಹೇಳಿದ್ದೇ ಕೊನೆ. ಹಾಡಲು ಬಾರದ ನನಗೆ ಅದು ಎಷ್ಟು ದೊಡ್ಡದಾಗಿತ್ತು ಎಂದು ಈಗ ಬರೆಯಲೂ ನಾಚಿಕೆ.

ನನ್ನಿಂದ ಅನ್ಯಾಯಕ್ಕೆ ಒಳಗಾದವರು ನಮ್ಮ ಹೋಟೆಲಿಗೆ ತೊಗರಿಬೇಳೆ ಕೊಡುತ್ತಿದ್ದ ವ್ಯಾಪಾರಿ. ಬೀದರ್ ಕಡೆಯವರು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ಆಗ ಔರಂಗಾಬಾದ್ ಎನ್ನುತ್ತಿದ್ದೆವು. ಅಲ್ಲಿನ ಧಾನ್ಯದ ಪೇಟೆ ಮೊಂಢಾದಲ್ಲಿ ಅವರ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವರು. ಹಣೆಗೆ ವಿಭೂತಿ, ಕಚ್ಚೆ ಧೋತರ, ಕರಿ ಟೋಪಿ. ತಿಂಗಳಿಗೊಮ್ಮೆ ನಾಶಿಕಕ್ಕೆ ಬಂದಾಗ ಎರಡು ದಿನ ನಮ್ಮಲ್ಲೇ ಊಟ, ಹಾಡಿನ ಮೇಜಿನಲ್ಲೇ ಠಿಕಾಣಿ. ಕನ್ನಡ ಮಾತಾಡಲು ಸಿಗುವವನು ಎಂದು ನನ್ನ ಮೇಲೆ ಬಹಳ ಪ್ರೀತಿ.

"ಏನ್ರಿ ಅಣ್ಣಾರ, ಇವತ್ತ ಸಾಂಬಾರದಾಗ ನಮ್ಮ ಬ್ಯಾಳಿ ಹಾಕೀರೋ, ಬರೇ ಗೋದಾವರಿ ನೀರ ಹಾಕೀರೋ?"

"ನಿಮ್ಮ ಬೇಳೆ ಗಟ್ಟಿ ಸಾವ್ಕಾರ್ರೆ, ಮೂರು ದಿನ ಬೇಯಿಸ್ಬೇಕು."

"ಬ್ಯಾಳಿ ಅಲ್ರಿ, ನಿಮ್ಮ ಒಲಿಗೆ ಜೀವ ಇಲ್ಲ."

ಅವರು ಹಾಡುತ್ತಿದ್ದರು. ಊರಿನ ಮಠದಲ್ಲಿ ಒಬ್ಬ ಗವಾಯಿಗಳ ಹತ್ತಿರ ಕಲಿತದ್ದು. ಅಂಗಡಿ ತೆಗೆಯುವ ಮುಂಚೆ ದಿನಾ ಎರಡು ತಾಸು ಸಾಧನೆ. ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಅವರು ಹಾಡಿದ್ದನ್ನು ಮೊದಲು ಕೇಳಿದವನು ನಾನು. ಅವರ ಶ್ರುತಿ ಕರಿ ಒಂದು. ಕೆಳಗಿನ ಸ್ವರಗಳಲ್ಲಿ ಅವರ ಧ್ವನಿ ನೆಲಕ್ಕೆ ಒರಗಿಸಿಟ್ಟ ಮೂಟೆಯ ಹಾಗೆ ಅಲುಗಾಡದೆ ನಿಲ್ಲುತ್ತಿತ್ತು. ಕೊನೆಗೆ ಮೇಲಿನ ಪಂಚಮ ಮುಟ್ಟಿ ಅಲ್ಲಿ ಒಂದು ಉಸಿರು ನಿಂತು ಇಳಿಯುವುದು ಅವರ ವಿಶೇಷ. ಅದು ಅವರ ಗಂಟಲಿನ ಕಟ್ಟಕಡೆಯ ಮೆಟ್ಟಿಲು ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

ಅರವತ್ತರ ದಶಕದ ಕೊನೆಗೆ ನಮ್ಮ ಮೇಜಿನವರೇ ಊರಿನ ಕೆಲವರ ಜೊತೆ ಸೇರಿ ಬುವಾರನ್ನು ಕರೆಸಿದರು. ಭಾನುವಾರ ಬೆಳಗಿನ ಕಛೇರಿ, ಒಂದು ಶಾಲೆಯ ಹಾಲಿನಲ್ಲಿ. ಬೆಳಗಿನ ಕಛೇರಿ ಎಂದರೆ ಉಪ್ಪಿಟ್ಟು, ಚಹಾ ನಮ್ಮ ಹೋಟೆಲಿನದು. ಎಂಟಕ್ಕೆ ಎಂದು ಬರೆದಿದ್ದರೂ ದೊಡ್ಡವರು ಹಾಡುವುದು ಒಂಬತ್ತೂವರೆಗೆ. ಅದಕ್ಕೆ ಮೊದಲು ಯಾರಾದರೂ ಊರಿನವರನ್ನೋ ಶಿಷ್ಯರನ್ನೋ ಮುಕ್ಕಾಲು ತಾಸು ಕೂರಿಸುತ್ತಿದ್ದರು. ಆ ಹೊತ್ತಿನಲ್ಲಿ ಜನರೆಲ್ಲ ಹೊರಗೆ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಹಾಗಾಗಿ ನಮ್ಮ ಮೇಜಿನಲ್ಲಿ ಮೊದಲು ಹಾಡುವವರಿಗೆ 'ಉಪ್ಪಿಟ್ಟಿನ ಗಾಯಕ' ಎಂದೇ ಹೆಸರು. ಉಪ್ಪಿಟ್ಟಿನ ಗಾಯಕ ಗೆದ್ದನೋ ಸೋತನೋ ಎಂದು ತಿಳಿಯುವ ಲೆಕ್ಕ ಸುಲಭ: ಎಷ್ಟು ಜನ ತಟ್ಟೆ ಕೈಯಲ್ಲಿ ಹಿಡಿದೇ ಒಳಗೆ ಬಂದರು?

ಈ ಸಲ ಯಾರು ಎಂಬ ಮಾತು ಬಂದಾಗ ನಾನೇ ಅಂದೆ: "ನಮ್ಮ ಬೇಳೆ ಸಾವ್ಕಾರ್ರು."

"ಗಂಟಲಿದೆಯಾ?" ಎಂದರು ಗುಮಾಸ್ತರು.

"ನನ್ನ ಕಿವಿ ನಂಬ್ತೀರಾ ಇಲ್ವಾ?"

ನಂಬಿದರು. ಔರಂಗಾಬಾದಿಗೆ ಕಾಗದ ಹೋಯಿತು. ಅಲ್ಲಿಂದ ಬಂದ ಉತ್ತರ ಚಿಕ್ಕದು: ಬರುತ್ತೇನೆ, ಗುರುಗಳ ಫೋಟೋಕ್ಕೆ ಹಾರ ಹಾಕಿ ಹೇಳಿದ್ದೇನೆ, ತಂಬೂರಿ ನನ್ನದೇ ತರುತ್ತೇನೆ, ಹಿಂದೆ ಕೂತು ಮೀಟಲು ನೀವೇ ಬೇಕು.

ತಂಬೂರಿಯನ್ನು ಅವರು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಯೇವಲಾ ದಾಟಿದ ಮೇಲೆ ಒಂದು ಗುಂಡಿಯಲ್ಲಿ ಬಸ್ಸು ಎಗರಿ ಬುರುಡೆ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಶನಿವಾರ ಸಂಜೆ ಅವರು ಹೋಟೆಲಿನಲ್ಲಿ ಬಟ್ಟೆ ಬಿಚ್ಚಿದಾಗ ಬುರುಡೆಯಲ್ಲಿ ಅಂಗೈ ಉದ್ದದ ಬಿರುಕು. ಮೀಟಿದರೆ ಕಂಚಿನ ತಟ್ಟೆ ಒಡೆದಂಥ ಸದ್ದು.

"ಶಿವಾ! ಇದು ಶುಭ ಅಲ್ರಿ ಅಣ್ಣಾರ."

"ಬಿಡಿ ಮಾರಾಯ್ರೆ, ಬುರುಡೆ ಒಡೆದ್ರೆ ಏನಾಯ್ತು? ನಿಮ್ಮ ಗಂಟಲು ಒಡೀಲಿಲ್ವಲ್ಲ. ಬುವಾರ ಹತ್ರ ಎರಡು ತಂಬೂರಿ ಉಂಟು, ಒಂದು ಕೇಳಿ ತರ್ತೇನೆ."

ಮರುದಿನ ಏಳು ಗಂಟೆಗೆ ನಾನು ಶಾಲೆಯ ಪಕ್ಕದ ಕೋಣೆಗೆ ಹೋದೆ. ಬುವಾರ ಶಿಷ್ಯ ಒಂದು ತಾಸಿನಿಂದ ಎರಡೂ ತಂಬೂರಿಗಳನ್ನು ಶ್ರುತಿ ಮಾಡುತ್ತ ಕುಳಿತಿದ್ದ. ಮಳೆಗಾಲ ಮುಗಿಯುತ್ತಿದ್ದ ದಿನಗಳು. ಹಸಿ ಗಾಳಿಗೆ ತಂತಿ ನಿಲ್ಲುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮೀಟಲಿಕ್ಕೆ ಬರುತ್ತಾ?"

ಮೀಟಿ ತೋರಿಸಿದೆ. ಅವನಿಗೆ ಸಮಾಧಾನವಾಯಿತು. "ನನ್ನ ಜೊತೆಗಾರನಿಗೆ ಜ್ವರ. ಬುವಾರ ಹಿಂದೆ ಎರಡನೆಯ ತಂಬೂರಿಗೆ ನೀನೇ ಕೂರು. ಆದರೆ ಕೇಳು, ನಿಮ್ಮ ಗಾಯಕನಿಗೆ ಇದನ್ನು ಕೊಡುತ್ತೇನೆ, ಬಿರಡೆ ಮಾತ್ರ ಮುಟ್ಟಬಾರದು. ಒಂದು ಸಲ ಇಳಿಸಿದರೆ ಇವತ್ತು ಇದು ಮತ್ತೆ ಏರೋದಿಲ್ಲ. ಇಳಿಸಿದ್ದು ಗೊತ್ತಾದರೆ ನೀನೂ ಇಲ್ಲ, ತಂಬೂರಿಯೂ ಇಲ್ಲ."

ತಂಬೂರಿ ಇದ್ದದ್ದು ಬಿಳಿ ಎರಡರಲ್ಲಿ. ಸಾವ್ಕಾರರ ಶ್ರುತಿ ಕರಿ ಒಂದು. ಅದಕ್ಕಿಂತ ಅರ್ಧ ಸ್ವರ ಕೆಳಗೆ. ಆ ಊರಿನಲ್ಲಿ ಅದನ್ನು ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ಆಗ ನಾನು ಮಾಡಬಹುದಾಗಿದ್ದು ಬಹಳ ಇತ್ತು. ಸಾವ್ಕಾರರಿಗೆ ನಿಜ ಹೇಳಿದ್ದರೆ ಅವರು ಮೇಲಕ್ಕೆ ಹೋಗದ, ಕೆಳಗಿನ ಸ್ವರಗಳಲ್ಲೇ ತಿರುಗುವ ಒಂದು ರಾಗ ಹಾಡಿ ಎದ್ದು ಬರುತ್ತಿದ್ದರು. ಮಾಸ್ತರರ ಶಾಲೆಯ ಹಾರ್ಮೋನಿಯಂ ತರಿಸಿ ಅದರ ಷಡ್ಜದ ಮೇಲೆ ಹಾಡಿಸಬಹುದಿತ್ತು. ಬಿರುಕು ಬಿಟ್ಟ ಆ ತಂಬೂರಿಯನ್ನೇ ಮೀಟಿದ್ದರೂ ಆಗುತ್ತಿತ್ತು. ಆದರೆ ಹೇಳಿದರೆ ಅವರು "ಇಳಿಸ್ರಲ್ಲ ಮತ್ತ" ಎನ್ನುತ್ತಾರೆ. ಆಗದು ಎನ್ನಬೇಕು. ಯಾಕೆ ಎಂದರೆ ಬುವಾರ ಹಿಂದೆ ನಾನು ಕೂರಬೇಕು ಎಂದು ಒಪ್ಪಿಕೊಳ್ಳಬೇಕು. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಅವರನ್ನು ಕರೆಸಿದವನು ನಾನೇ ಆದರೂ, ವೇದಿಕೆಯ ಮೇಲೆ ಹೂವಿನ ನಡುವೆ ಅವರಿಗಾಗಿ ಹಾಸಿದ ಬಿಳಿ ಚಾದರ ನೋಡಿದಾಗ ಹಾಡಲು ಬಾರದ ನನಗೆ ಹೊಟ್ಟೆಕಿಚ್ಚಾಯಿತು. ಅರ್ಧ ಸ್ವರ ತಾನೇ, ಎಂದುಕೊಂಡೆ.

ಅವರು ಕೂತು, ಕಣ್ಣು ಮುಚ್ಚಿ, ತಂಬೂರಿಗೆ ಕಿವಿ ಕೊಟ್ಟರು. ಹುಬ್ಬು ಗಂಟಾಯಿತು. ಹಿಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು:

"ಅಣ್ಣಾರ, ಕರಿ ಒಂದು ಅದಲ್ರಿ? ಯಾಕೋ ಏರಿದಂಗ ಅನಸ್ತದ."

"ಕರಿ ಒಂದೇ," ಎಂದೆ. "ಬೆಳಗಿನ ಗಂಟಲು ಸಾವ್ಕಾರ್ರೆ. ಸ್ವಲ್ಪ ಹಾಡಿದ್ರೆ ಸರಿ ಆಗ್ತದೆ."

"ಹೌದ್ರಿ. ನೀವ ಅಂದ ಮ್ಯಾಲ ಮುಗೀತು."

ತಬಲಾದವರು ಬೇರೆ ಊರಿನವರು. ತಂಬೂರಿ ಎಲ್ಲಿತ್ತೋ ಅಲ್ಲಿಗೆ ತಬಲಾ ಕೂಡಿಸಿಕೊಂಡರು. ಹಾರ್ಮೋನಿಯಂನವರು ಬುವಾರ ಜೊತೆ ಬಂದವರು, ಉಪ್ಪಿಟ್ಟಿನ ಹೊತ್ತಿಗೆ ಅವರು ಕೂರುತ್ತಿರಲಿಲ್ಲ. ಹೀಗೆ ನನ್ನ ಸುಳ್ಳನ್ನು ಹಿಡಿಯುವ ಮನೆಯೊಂದೂ ವೇದಿಕೆಯ ಮೇಲೆ ಇರಲಿಲ್ಲ.

ಮೊದಲ ಕಾಲು ತಾಸು ಅವರು ಹಾಡಿದ್ದನ್ನು ನಾನು ಮರೆಯಲಾರೆ. ಮಂದ್ರದಲ್ಲಿ ನಿಧಾನವಾಗಿ ನಡೆದರು. ಬಾಗಿಲಲ್ಲಿ ಒಬ್ಬರು ತಟ್ಟೆ ಹಿಡಿದು ನಿಂತರು, ಆಮೇಲೆ ಮೂವರು, ಆಮೇಲೆ ಒಂದು ಸಾಲೇ ತಟ್ಟೆಗಳ ಸಮೇತ ಒಳಗೆ ಬಂದು ಕುಳಿತಿತು. ಮಾಸ್ತರರು ನನ್ನ ಕಡೆ ನೋಡಿ ತಲೆಯಾಡಿಸಿದರು. ಎಲ್ಲ ಸರಿಹೋಗುತ್ತದೆ ಎಂದು ನನಗೂ ಅನಿಸಿತು. ಆದರೆ ಮೇಲಿನ ಷಡ್ಜಕ್ಕೆ ಬರುವಾಗಲೇ ಅವರ ಕುತ್ತಿಗೆಯ ನರ ಎದ್ದದ್ದನ್ನು ಹಿಂದಿನಿಂದ ಕಂಡೆ. ಅಲ್ಲಿಂದ ಇಳಿದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಇಳಿಯಲಿಲ್ಲ. ಅವರು ಪಂಚಮ ಮುಟ್ಟದೆ ಒಂದು ದಿನವೂ ಸಾಧನೆ ಮುಗಿಸಿದವರಲ್ಲ. ಮೆಟ್ಟಿಲು ಅಲ್ಲೇ ಇದೆ ಎಂಬ ನಂಬಿಕೆಯಿಂದ ಕಾಲು ಎತ್ತಿದರು. ಮೆಟ್ಟಿಲು ಇರಲಿಲ್ಲ. ಧ್ವನಿ ಸೀಳಿತು. ಇನ್ನೊಮ್ಮೆ ಹೋದರು, ಮತ್ತೆ ಸೀಳಿತು. ಮೂರನೆಯ ಸಲ ಬರೇ ಗಾಳಿ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಖಿಕ್ಕೆಂದರು. ತಟ್ಟೆಗಳು ಎದ್ದು ಹೊರಗೆ ಹೋದವು.

ನಾನು ತಂಬೂರಿ ಮೀಟುತ್ತಲೇ ಇದ್ದೆ, ಬಿಳಿ ಎರಡರಲ್ಲಿ.

ಬುವಾ ಬಂದು ಕುಳಿತರು. ಎರಡು ತಂಬೂರಿಗಳ ನಡುವೆ ಕಣ್ಣು ಮುಚ್ಚಿ, ನನ್ನ ಕಡೆ ತಿರುಗಿ, "ಛಾನ್ ಲಾಗಲೀ ಆಹೆ" ಎಂದರು. ಶ್ರುತಿ ಚೆನ್ನಾಗಿ ಕೂಡಿದೆ ಎಂದು. ನಾನು ತಲೆ ಬಗ್ಗಿಸಿದೆ. ಅಂದು ಅವರು ಹಾಡಿದ ಹಾಗೆ ನಾಶಿಕದಲ್ಲಿ ಯಾರೂ ಹಾಡಿಲ್ಲ ಎಂದು ನಮ್ಮ ಮೇಜು ವರ್ಷಗಟ್ಟಲೆ ಹೇಳಿತು. ಇರಬಹುದು. ಎರಡು ಮೊಳ ದೂರದಲ್ಲಿ ಕುಳಿತಿದ್ದ ನನಗೆ ಒಂದು ಸ್ವರವೂ ನೆನಪಿಲ್ಲ. ಸಾವ್ಕಾರರು ಮೂರನೆಯ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಒಳ್ಳೆಯ ಜಾಗಕ್ಕೆಲ್ಲ ಅವರ ಬಾಯಿಂದ "ವಾಹ್" ಬರುತ್ತಿತ್ತು. ಆ ಒಡೆದ ಧ್ವನಿ ನನಗೆ ಬೇರೆಯಾಗಿ ಕೇಳುತ್ತಿತ್ತು.

ಮಧ್ಯಾಹ್ನ ಹೋಟೆಲಿನಲ್ಲಿ ಮೇಜು ತುಂಬಿತ್ತು. ಬುವಾರ ಸ್ತುತಿ ಮುಗಿದ ಮೇಲೆ ಮಾತು ಉಪ್ಪಿಟ್ಟಿನ ಗಾಯಕನಿಗೆ ಇಳಿಯಿತು.

"ಮೂವತ್ತು ನಿಮಿಷ ಒಲೆಯ ಮೇಲಿತ್ತಪ್ಪ," ಎಂದರು ಗುಮಾಸ್ತರು, "ಬೇಳೆ ಬೇಯಲೇ ಇಲ್ಲ."

"ಕುಕ್ಕರು ಸೀಟಿ ಹೊಡೆಯಿತಲ್ಲ, ಮೂರು ಸಲ!" ಎಂದರು ಮಾಸ್ತರರು. ಮೇಜು ಗುದ್ದಿ ನಕ್ಕರು. ಆಮೇಲೆ ಗಲ್ಲೆಯ ಕಡೆ ತಿರುಗಿದರು. "ಅಣ್ಣಾ, ನೀನೇ ಆರಿಸಿದ್ದು. ನಿನ್ನ ಕಿವಿ ಏನನ್ನುತ್ತೆ?"

ನಾನೂ ನಗುತ್ತಿದ್ದೆ. "ಗಂಟಲು ಸಾಲಲಿಲ್ಲ," ಎಂದೆ. "ಕೋಣೆಯಲ್ಲಿ ಹಾಡೋದು ಬೇರೆ, ಹಾಲಿನಲ್ಲಿ ಹಾಡೋದು ಬೇರೆ."

ನಲ್ಲಿಯ ಸದ್ದು ನಿಂತಿತು. ಕೈ ತೊಳೆಯುವ ಅಡ್ಡಗೋಡೆಯ ಹಿಂದಿನಿಂದ ಸಾವ್ಕಾರರು ಧೋತರದ ಚುಂಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮೇಜಿನವರು ಲೋಟದೊಳಗೆ ನೋಡತೊಡಗಿದರು. ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕುಳಿತು, ಮರಾಠಿಯಲ್ಲಿ ಅವರಿಗೆ ಏನೋ ನಗೆಮಾತು ಹೇಳಿ, ಆಮೇಲೆ ನನಗೆ ಕನ್ನಡದಲ್ಲಿ ಅಂದರು:

"ಬರೋಬ್ಬರಿ ಅಂದ್ರಿ ಅಣ್ಣಾರ. ಬ್ಯಾರೆ ಯಾರರ ಅಂದಿದ್ರ ನಾ ನಂಬ್ತಿದ್ದಿಲ್ಲ. ನಿಮ್ಮ ಕಿವಿ ಸುಳ್ಳ ಹೇಳಂಗಿಲ್ಲ."

ಬಿರುಕು ಬಿಟ್ಟ ತಂಬೂರಿಯನ್ನು ನನ್ನ ಹತ್ತಿರ ಬಿಟ್ಟು ಊರಿಗೆ ಹೋದರು. ತಂಬೂರಿ ಕಟ್ಟುವವರಿರುವ ಮೀರಜಿಗೆ ಕಳಿಸಿ ಬುರುಡೆ ಬದಲಿಸಿ ತರಿಸಿದೆ. ರಿಪೇರಿ ಆಗಿದೆ, ಬಂದು ಒಯ್ಯಿರಿ ಎಂದು ಬರೆದೆ. ಒಂದು ಕಾರ್ಡು ಬಂತು: ಅಲ್ಲೇ ಇರಲಿ, ಕಿವಿ ಇದ್ದವರ ಮನೆಯಲ್ಲಿ. ಆಮೇಲೆ ಬೇಳೆ ಲಾರಿಯಲ್ಲಿ ಬರತೊಡಗಿತು. ಅವರು ಬರಲಿಲ್ಲ.

ಮೂರು ನಾಲ್ಕು ವರ್ಷ ಕಳೆದ ಮೇಲೆ ಯಜಮಾನರು ಔರಂಗಾಬಾದಿನಲ್ಲಿ ಒಂದು ಹೋಟೆಲಿನ ಜಾಗ ನೋಡಿ ಬರಲು ನನ್ನನ್ನು ಕಳಿಸಿದರು. ಮನ್ಮಾಡಿನಲ್ಲಿ ಇಳಿದು ಸಣ್ಣ ರೈಲು ಹತ್ತಿ, ದೌಲತಾಬಾದಿನ ಕೋಟೆ ಕಿಟಕಿಯಲ್ಲಿ ಹಾದುಹೋಗುವಾಗ ಹೇಳಬೇಕಾದ ಮಾತನ್ನು ಒಳಗೇ ಹತ್ತು ಸಲ ಆಡಿಕೊಂಡೆ. ಅದು ಚೈತ್ರದ ಬಿಸಿಲು. ಮೊಂಢಾದ ಅಂಗಡಿಯಲ್ಲಿ ಸಾವ್ಕಾರರು ಕುತ್ತಿಗೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡು ಕುಳಿತಿದ್ದರು.

"ಗಂಟಲಿಗ್ರಿ," ಎಂದರು ಸಣ್ಣ ಧ್ವನಿಯಲ್ಲಿ. ದೊಡ್ಡ ಆಸ್ಪತ್ರೆಗೆ ಹೋಗಿದ್ದರಂತೆ. ಡಾಕ್ಟರು ಕನ್ನಡಿ ಇಟ್ಟು ನೋಡಿ ಏನೂ ಇಲ್ಲ ಎಂದರಂತೆ. "ಡಾಕ್ಟರಿಗೇ ಸಿಗಲಾರದಂಥಾದು ಅದ ಅಂದ್ರ ನೋಡ್ರಿ." ಮಜ್ಜಿಗೆ ಬಿಟ್ಟಿದ್ದರು, ಹುಣಸೆ ಬಿಟ್ಟಿದ್ದರು, ಗಿರಾಕಿಗಳ ಜೊತೆ ಎತ್ತರದ ದನಿಯಲ್ಲಿ ಚೌಕಾಸಿ ಮಾಡುವುದನ್ನೂ ಬಿಟ್ಟಿದ್ದರು.

ಮನೆಯಲ್ಲಿ ಊಟ. ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವರ ಹೆಂಡತಿ ರೊಟ್ಟಿಯ ಬುಟ್ಟಿ ಕೆಳಗಿಟ್ಟು ನನ್ನೆದುರು ನಿಂತರು.

"ಅಣ್ಣಾರ, ಒಂದ ಮಾತ ಕೇಳ್ಲೇನ್ರಿ? ನೀವ ಹಿಂದ ಕುಂತಿದ್ರಂತ. ಅವತ್ತ ಏನಾತ್ರಿ ಇವರಿಗೆ? ಮನ್ಯಾಗ ಹಿಂದಿನ ದಿನಾನೂ ಛಂದ ಹಾಡ್ಯಾರ. ನಾ ಕೇಳೀನಿ. ಈಗ ಜಳಕಾ ಮಾಡುವಾಗ ಸೈತ ಗುಣುಗುಣು ಅನ್ನಂಗಿಲ್ಲ."

ಅವರ ಮುಖದಲ್ಲಿ ಬೇರೇನೂ ಇರಲಿಲ್ಲ, ಆ ಪ್ರಶ್ನೆಯೊಂದೇ ಇತ್ತು. ಹಿತ್ತಲಲ್ಲಿ ತಂಬಿಗೆಯ ಸದ್ದು ಕೇಳುತ್ತಿತ್ತು. ಒಂದು ವಾಕ್ಯಕ್ಕೆ ಸಾಕಾಗುವಷ್ಟು ಹೊತ್ತು ಇತ್ತು.

"ಸ್ಟೇಜಿನ ಹೆದರಿಕೆ ಅಕ್ಕಾ," ಎಂದೆ. "ದೊಡ್ಡ ದೊಡ್ಡವರಿಗೂ ಆಗ್ತದೆ."

"ಹೆದರಾವ್ರಲ್ರಿ ಇವ್ರು," ಎಂದು ಅವರು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಆ ಜಾಗದಲ್ಲಿ ಹೋಟೆಲು ಏಳಲು ಮತ್ತೆ ಕೆಲವು ವರ್ಷ ಹಿಡಿಯಿತು. ಎಪ್ಪತ್ತರ ದಶಕದ ಕೊನೆಗೆ ಯಜಮಾನರು ನನ್ನನ್ನೇ ಅಲ್ಲಿಗೆ ಮ್ಯಾನೇಜರ್ ಮಾಡಿ ಕಳಿಸಿದರು. ನಾಶಿಕದ ಹಾಡಿನ ಮೇಜು ಅಷ್ಟರಲ್ಲಿ ಚದುರಿತ್ತು, ಮಾಸ್ತರರು ತೀರಿಕೊಂಡಿದ್ದರು. ಸಾಮಾನಿನ ಜೊತೆ ತಂಬೂರಿಯನ್ನೂ ತಂದೆ. ಹೊಸ ಊರಿನಲ್ಲಿ ಆರು ತಿಂಗಳು ಸಾವ್ಕಾರರನ್ನು ದಿನವೂ ನೋಡಿದೆ. ಸಂಜೆ ಬಂದು ಬಿಸಿನೀರು ಕುಡಿಯುವರು, ಗಂಗಾಪುರದ ಕಡೆಯ ಬೆಳೆಯ ಮಾತಾಡುವರು, ಮಫ್ಲರು ಸರಿಮಾಡಿಕೊಂಡು ಹೋಗುವರು. ನಾನು ರೆಕಾರ್ಡು ಹಾಕಿದರೆ ಆ ಹೊತ್ತಿಗೆ ಎದ್ದುಬಿಡುವರು. ಒಂದು ದಿನ ಅವರು ಹಾಗೆ ಎದ್ದು ಹೋದದ್ದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

ಮರುದಿನ ಬೆಳಗ್ಗೆ ಟಾಂಗಾದಲ್ಲಿ ತಂಬೂರಿ ಇಟ್ಟುಕೊಂಡು ಅವರ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಇದ್ದರು. ಕೂರದೆ, ನಿಂತೇ ಹೇಳಿದೆ.

"ಸಾವ್ಕಾರ್ರೆ, ಆವತ್ತು ತಂಬೂರಿ ಕರಿ ಒಂದರಲ್ಲಿ ಇರ್ಲಿಲ್ಲ. ಬಿಳಿ ಎರಡರಲ್ಲಿ ಇತ್ತು. ನಂಗೆ ಗೊತ್ತಿತ್ತು. ನೀವು ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ಗಂಟಲಿಗೆ ಏನೂ ಆಗ್ಲಿಲ್ಲ."

 ಸಾವ್ಕಾರರ ಮುಖ ನಿಧಾನವಾಗಿ ನಗೆಯಾಯಿತು.

"ಎಷ್ಟ ವರ್ಷ ವಿಚಾರ ಮಾಡಿ ಇದನ್ನ ಹುಡುಕಿ ತಂದ್ರಿ ಅಣ್ಣಾರ?"

"ಹುಡುಕಿದ್ದಲ್ಲ ಮಾರಾಯ್ರೆ. ನಡೆದದ್ದು."

"ಹತ್ತ ಮಂದಿ ಹತ್ತ ಥರಾ ಸಮಾಧಾನ ಹೇಳ್ಯಾರ. ಒಬ್ಬಾಂವ ದೃಷ್ಟಿ ಆಗ್ಯದ ಅಂದ, ಒಬ್ಬಾಂವ ಮೊಸರ ಬಿಡು ಅಂದ. ತಪ್ಪ ತಾನ ತಲಿಮ್ಯಾಲ ಹೊತ್ಕೊಂಡ ಬಂದಾವ್ರು ನೀವೊಬ್ರೇ." ಅವರ ಕಣ್ಣು ಒದ್ದೆಯಾಗಿತ್ತು. "ಅರ್ಧ ಸ್ವರಕ್ಕ ಯಂತ್ರಾ ಬಿಚ್ಚಿಸಿದಾವ್ರು ನೀವು. ನಿಮ್ಮ ಕೈಯಾಗ ತಂಬೂರಿ ತಪ್ಪ ಇರ್ತದೇನ್ರಿ?"

ನಾನು ಆಣೆ ಇಟ್ಟೆ. ಶಿಷ್ಯ ಹೇಳಿದ್ದನ್ನು, ಬುವಾರ ಹಿಂದೆ ಕೂರುವ ಆಸೆಯನ್ನು, ಹೊಟ್ಟೆಕಿಚ್ಚನ್ನು, ಎಲ್ಲ ಹೇಳಿದೆ. ಹೇಳಿದಷ್ಟೂ ಅವರು "ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ" ಎಂದು ನನ್ನ ಭುಜ ತಟ್ಟಿದರು. ಆದರೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕದಲದೆ ನಿಂತಿದ್ದರು. ಅವರು ನಂಬಿದ್ದರು.

"ಹಾಡ್ರಿ ನೋಡೋಣು," ಎಂದರು ಗಂಡನಿಗೆ. "ತಂಬೂರಿ ಬಂದದಲ್ಲ. ಅಣ್ಣಾರು ಕರಿ ಒಂದಕ್ಕ ಹಚ್ಚಲಿ. ಒಂದಸಲ ಹಾಡ್ರಿ."

"ಹುಚ್ಚೇನ ನಿನಗ?"

"ನನ್ನ ಸಲುವಾಗಿ."

ನಾನು ಕುಳಿತು ತಂಬೂರಿ ಹಚ್ಚಿದೆ. ನನ್ನ ಜನ್ಮದಲ್ಲಿ ಅಷ್ಟು ಎಚ್ಚರದಿಂದ ಬಿರಡೆ ತಿರುಗಿಸಿಲ್ಲ. ಸಾವ್ಕಾರರು ಮಫ್ಲರು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಕುತ್ತಿಗೆ ಬಿಸಿಲು ಕಾಣದೆ ಬಿಳಿಚಿತ್ತು. ಷಡ್ಜ ಹಿಡಿದರು. ಧ್ವನಿ ನಡುಗಿತು, ಆಮೇಲೆ ನೆಲೆ ನಿಂತಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಒಂದೊಂದೇ ಮೆಟ್ಟಿಲು ಹತ್ತಿದರು. ಮಧ್ಯದಲ್ಲೇ ದಮ್ಮು ಹತ್ತಿತು. ಮತ್ತೆ ಹತ್ತಿ ಮೇಲಿನ ಷಡ್ಜ ಮುಟ್ಟಲು ಹೋದರು. ಮುಟ್ಟುವ ಮೊದಲೇ ಧ್ವನಿ ಸೀಳಿತು, ಆ ಬೆಳಗ್ಗೆ ಸೀಳಿದ ಹಾಗೆಯೇ. ಒಂಬತ್ತು ಹತ್ತು ವರ್ಷ ಸಾಧನೆ ಇಲ್ಲದ ಗಂಟಲು. ಪಂಚಮದ ಮಾತು ದೂರ.

"ನೋಡಿದ್ರೇನ್ರಿ?" ಎಂದರು. ಬೇಸರವಿರಲಿಲ್ಲ, ಒಂದು ಥರ ಗೆದ್ದವರ ಹಾಗಿತ್ತು. "ಕರಿ ಒಂದರಾಗೂ ಅಷ್ಟ. ಗಂಟಲ ಹೋಗ್ಯದ, ನಿಮ್ಮದೇನ ತಪ್ಪಿಲ್ಲ." ಮಫ್ಲರನ್ನು ಎತ್ತಿ ಎರಡು ಸುತ್ತು ಸುತ್ತಿಕೊಂಡು ಗಂಟು ಹಾಕಿದರು. "ಚಹಾ ಮಾಡ."

ಚಹಾ ಬರಲಿಲ್ಲ. ನಾನು ಹೊರಡುವಾಗ ಹೆಂಡತಿ ಹೊಸ್ತಿಲವರೆಗೆ ಬಂದರು. ಗಂಡನಿಗೆ ಕೇಳದಷ್ಟು ಮೆಲ್ಲಗೆ ಅಂದರು:

"ನಾ ಕೇಳಿದ್ನಲ್ರಿ ಅವತ್ತ. ಅವತ್ತ ಹೇಳಿದ್ರ ಇನ್ನಾ ಗಂಟಲ ಇತ್ತು."

ಆಮೇಲೆ ನಾನು ಆ ಊರಿನಲ್ಲಿದ್ದಷ್ಟು ಕಾಲ ಸಾವ್ಕಾರರು ಮೊಂಢಾದ ತುಂಬ ನನ್ನ ಗುಣಗಾನ ಮಾಡಿದರು. ಗೆಳೆಯನ ಮನಸ್ಸು ನೋಯಬಾರದೆಂದು ಇಲ್ಲದ ತಪ್ಪನ್ನು ಮೈಮೇಲೆ ಎಳೆದುಕೊಂಡವನು ಎಂದು ಹೊಸಬರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದರು. ನಾನು ತಲೆ ಬಗ್ಗಿಸಿದರೆ ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಮೊದಮೊದಲು "ಅಲ್ಲ, ನಿಜವೇ" ಎನ್ನುತ್ತಿದ್ದೆ; ಅದಕ್ಕೆ ಹೊಗಳಿಕೆ ಇನ್ನಷ್ಟು ಹೆಚ್ಚುತ್ತಿತ್ತು. ಆಮೇಲೆ ಸುಮ್ಮನಾದೆ. ಅವರ ಹೆಂಡತಿ ಮಾತ್ರ ನ್ಯಾಯವಾಗಿ ನಡೆದುಕೊಂಡರು. ನಾನು ಹೋದಾಗ ಹೊರಗೆ ಬರಲಿಲ್ಲ, ಆ ಮನೆಯಲ್ಲಿ ನನಗೆ ಮತ್ತೆ ಎಲೆ ಹಾಕಲಿಲ್ಲ.

ಈಗ ಅವರಿಬ್ಬರೂ ಇಲ್ಲ. ತಂಬೂರಿ ನನ್ನ ಕೋಣೆಯ ಮೂಲೆಯಲ್ಲಿದೆ, ಬಟ್ಟೆ ಹೊದ್ದು. ಅದನ್ನು ಕರಿ ಒಂದರಲ್ಲೇ ಇಟ್ಟಿದ್ದೇನೆ. ಹವೆ ಬದಲಾದಾಗ ತಂತಿ ಸಡಿಲಾದರೆ ಮತ್ತೆ ಹಚ್ಚುತ್ತೇನೆ. ಮೀಟುವುದಿಲ್ಲ.